ಗ್ವಾಟೆಮಾಲಾದ ಬೆಟ್ಟದ ಸೀಮೆ: ಹಳೆಯ ಪಟ್ಟಣಗಳು, ಜ್ವಾಲಾಮುಖಿಗಳು, ಕಾಫಿ ತೋಟಗಳು – ಪದೇ ಪದೇ ಕೇಳುವ ಪ್ರಶ್ನೆಗಳು

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಎತ್ತರದ ಪ್ರದೇಶಕ್ಕೆ ಹೋಗಬೇಕೆಂದಿರುವ ಕನ್ನಡಿಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ನಾನು ಮಲೆನಾಡಿನ ಕಾಫಿ ತೋಟದ ಮನೆಯಲ್ಲಿ ಬೆಳೆದವನು. ಕಾಫಿಗೂ ಅದನ್ನು ಬೆಳೆಯುವ ಜನರಿಗೂ ಸಂಬಂಧಿಸಿದ ಪ್ರಶ್ನೆಗಳಿಗೆ ಆ ಕಾರಣದಿಂದಲೇ ಹೆಚ್ಚು ವಿವರವಾಗಿ ಉತ್ತರ ಕೊಟ್ಟಿದ್ದೇನೆ.

ಈ ಪ್ರದೇಶ ನಿಖರವಾಗಿ ಎಲ್ಲಿದೆ?

ಮೆಕ್ಸಿಕೋ ದೇಶದ ದಕ್ಷಿಣಕ್ಕೆ ಗ್ವಾಟೆಮಾಲಾ ಇದೆ. ಅದರ ಪೆಸಿಫಿಕ್ ಕರಾವಳಿಯಿಂದ ಒಳಗೆ ಸಾಗಿದರೆ ನೆಲವು ಸಮುದ್ರಮಟ್ಟದಿಂದ ಬೇಗಬೇಗನೆ ಮೇಲೇರಿ, ಜ್ವಾಲಾಮುಖಿಗಳ ಉದ್ದನೆಯ ಸಾಲೊಂದನ್ನು ದಾಟಿ, 1,500ರಿಂದ 2,500 ಮೀಟರ್ ಎತ್ತರದ ಕಣಿವೆಗಳಲ್ಲಿ ನಿಲ್ಲುತ್ತದೆ. ಅಲ್ಲಿನವರು ಈ ಭಾಗವನ್ನು ‘ಆಲ್ತಿಪ್ಲಾನೊ’ ಎನ್ನುತ್ತಾರೆ. ಆಂಟಿಗ್ವಾ ಪಟ್ಟಣ, ಅತಿತ್ಲಾನ್ ಸರೋವರ, ಚಿಚಿಕಾಸ್ತೆನಾಂಗೊ ಸಂತೆ, ಜನರ ಬಾಯಲ್ಲಿ ‘ಶೆಲಾ’ ಆಗಿರುವ ಕೆತ್ಸಾಲ್ತೆನಾಂಗೊ ನಗರ, ಇವೆಲ್ಲ ಇದೇ ಸೀಮೆಯಲ್ಲಿವೆ. ಮಾಯಾ ಜನರ ಪ್ರಾಚೀನ ಪಿರಮಿಡ್‌ಗಳಿಗೆ ಹೆಸರಾದ ತಿಕಾಲ್ ಇರುವುದು ಉತ್ತರದ ತಗ್ಗಿನ ಕಾಡಿನಲ್ಲಿ. ಅದು ಬೇರೆಯೇ ಪ್ರಯಾಣ.

ಆಂಟಿಗ್ವಾ ಎಂದರೆ ಕ್ರಿಕೆಟ್‌ನಿಂದ ನಮಗೆ ಗೊತ್ತಿರುವ ಆಂಟಿಗ್ವಾವೇ?

ಅಲ್ಲ. ವಿವಿಯನ್ ರಿಚರ್ಡ್ಸ್ ಅವರ ಆಂಟಿಗ್ವಾ ಕೆರಿಬಿಯನ್ ಸಮುದ್ರದ ದ್ವೀಪ. ಇದು ‘ಆಂಟಿಗ್ವಾ ಗ್ವಾಟೆಮಾಲಾ’, ಅಂದರೆ ಹಳೆಯ ಗ್ವಾಟೆಮಾಲಾ. ಸುತ್ತ ಬೆಟ್ಟವಿರುವ, ಸಮುದ್ರವಿಲ್ಲದ ಊರು. ಟಿಕೆಟ್ ಕಾಯ್ದಿರಿಸುವಾಗ ಹೆಸರಿನ ಸಾಮ್ಯದಿಂದ ಮೋಸಹೋಗದಿರಿ. ನೀವು ಇಳಿಯಬೇಕಾದದ್ದು ಗ್ವಾಟೆಮಾಲಾ ಸಿಟಿಯ ಲಾ ಆರೋರಾ ವಿಮಾನ ನಿಲ್ದಾಣದಲ್ಲಿ. ಅಲ್ಲಿಂದ ಆಂಟಿಗ್ವಾಕ್ಕೆ ರಸ್ತೆಯಲ್ಲಿ ಸುಮಾರು 40 ಕಿ.ಮೀ. ಮಾತ್ರವಾದರೂ ರಾಜಧಾನಿಯ ವಾಹನ ದಟ್ಟಣೆಯಲ್ಲಿ ಎರಡು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ.

ಭಾರತದಿಂದ ಹೋಗುವುದು ಹೇಗೆ?

ನೇರ ವಿಮಾನವಿಲ್ಲ. ಅಮೆರಿಕದ ಯಾವುದಾದರೂ ನಗರದ ಮೂಲಕ, ಇಲ್ಲವೇ ಯೂರೋಪ್ ಮತ್ತು ಮೆಕ್ಸಿಕೋ ಅಥವಾ ಪನಾಮಾದ ಮೂಲಕ ಹೋಗಬೇಕು. ಅಮೆರಿಕದಲ್ಲಿ ವಿಮಾನ ಬದಲಿಸುವುದಕ್ಕೂ ಭಾರತೀಯರಿಗೆ ವೀಸಾ ಬೇಕೆಂಬುದನ್ನು ಮರೆಯಬಾರದು. ಗ್ವಾಟೆಮಾಲಾದ ರಾಯಭಾರ ಕಚೇರಿ ನವದೆಹಲಿಯಲ್ಲಿದೆ. ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ಮೊದಲು ಅಲ್ಲಿಯೇ ವಿಚಾರಿಸುವುದು ಕ್ಷೇಮ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ದೇಶ ಹತ್ತಿರ; ಹೂಸ್ಟನ್, ಡಲ್ಲಾಸ್, ಮಯಾಮಿಗಳಿಂದ ಕೆಲವೇ ಗಂಟೆಗಳ ಹಾರಾಟ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹನ್ನೊಂದೂವರೆ ಗಂಟೆ ಹಿಂದಿರುತ್ತದೆ.

ಯಾವ ತಿಂಗಳಲ್ಲಿ ಹೋಗುವುದು ಒಳ್ಳೆಯದು?

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಣ ಕಾಲ, ಮೇಯಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಮಳೆಗಾಲವೆಂದರೆ ಆಗುಂಬೆಯ ಹಾಗೆ ಹಗಲಿರುಳು ಸುರಿಯುವ ಮಳೆಯೆಂದು ತಿಳಿಯಬೇಕಿಲ್ಲ. ಬೆಳಿಗ್ಗೆ ಬಿಸಿಲಿದ್ದು, ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿ, ಸಂಜೆ ಒಂದೆರಡು ಗಂಟೆ ಜೋರಾಗಿ ಸುರಿಯುವುದೇ ಹೆಚ್ಚು. ಕಾಫಿ ಕೊಯ್ಲನ್ನೂ ಜ್ವಾಲಾಮುಖಿಯನ್ನೂ ಒಂದೇ ಪ್ರವಾಸದಲ್ಲಿ ನೋಡಬಯಸುವವರು ಜನವರಿ ಮಧ್ಯದಿಂದ ಮಾರ್ಚ್ ಮೊದಲ ವಾರದವರೆಗಿನ ಅವಧಿಯನ್ನು ಆರಿಸಿಕೊಳ್ಳಲಿ.

ಎಷ್ಟು ದಿನ ಬೇಕು?

ಹತ್ತು ದಿನವಿದ್ದರೆ ಆಂಟಿಗ್ವಾದಲ್ಲಿ ಐದು, ಅತಿತ್ಲಾನ್ ದಂಡೆಯಲ್ಲಿ ನಾಲ್ಕು ದಿನ ಉಳಿಯಿರಿ. ಇನ್ನೂ ಒಂದು ವಾರವಿದ್ದರೆ ಮಾತ್ರ ಶೆಲಾ ಸೇರಿಸಿ. ದಿನಕ್ಕೊಂದು ಊರು ಮುಟ್ಟಿ ಬರುವ ಪ್ರವಾಸ ಈ ಸೀಮೆಗೆ ಒಗ್ಗುವುದಿಲ್ಲವೆಂಬುದು ನನ್ನ ಗಟ್ಟಿ ಅಭಿಪ್ರಾಯ. ರಸ್ತೆಗಳು ಅಂಕುಡೊಂಕು, ಆಂಟಿಗ್ವಾದಿಂದ ಸರೋವರದ ದಂಡೆಯ ಪನಾಹಚೆಲ್‌ಗೆ ಎರಡೂವರೆ ಮೂರು ಗಂಟೆ ಬೇಕು. ಅದಕ್ಕಿಂತ ಮುಖ್ಯವಾಗಿ, ಶಿಖರವು ಮೋಡದಿಂದ ಹೊರಬರುವುದನ್ನು ಕಾಯಲು ಮನಸ್ಸಿನಲ್ಲೂ ವೇಳಾಪಟ್ಟಿಯಲ್ಲೂ ಜಾಗವಿರಬೇಕು.

ಆಂಟಿಗ್ವಾದಲ್ಲಿ ಎಲ್ಲಿ ನೋಡಿದರೂ ಪಾಳುಬಿದ್ದ ಚರ್ಚುಗಳಿವೆಯಲ್ಲ, ಏಕೆ?

ಆ ಪಟ್ಟಣದ ಚರಿತ್ರೆಯನ್ನು ಬೆಟ್ಟಗಳೇ ಬರೆದಿವೆ ಎಂದರೆ ಉತ್ಪ್ರೇಕ್ಷೆಯಾಗದು. ಸ್ಪ್ಯಾನಿಷರ ಮೊದಲಿನ ರಾಜಧಾನಿಯೊಂದು ಆಗ್ವಾ ಜ್ವಾಲಾಮುಖಿಯ ತಪ್ಪಲಿನ ಅಲ್ಮೊಲೊಂಗಾ ಕಣಿವೆಯಲ್ಲಿತ್ತು. 1541ರ ಸೆಪ್ಟೆಂಬರ್‌ನಲ್ಲಿ ದಿನಗಟ್ಟಲೆ ಸುರಿದ ಮಳೆಯ ಬಳಿಕ ಬೆಟ್ಟದ ಮೇಲಿನಿಂದ ನೀರು, ಕೆಸರು, ಬಂಡೆಗಳು ಒಟ್ಟಿಗೆ ಜಾರಿ ಬಂದು ಊರನ್ನು ಮುಚ್ಚಿದವು. ಗ್ವಾಟೆಮಾಲಾವನ್ನು ಗೆದ್ದ ಸ್ಪ್ಯಾನಿಷ್ ದಂಡನಾಯಕ, ಗಂಡ ಪೆದ್ರೊ ದೆ ಅಲ್ವರಾದೊ ಸತ್ತ ಮೇಲೆ ಅಧಿಕಾರ ವಹಿಸಿಕೊಂಡಿದ್ದ ಬೆಯಾತ್ರಿಸ್ ದೆ ಲಾ ಕ್ವೇವಾ ಅದೇ ರಾತ್ರಿ ತೀರಿಕೊಂಡರು. ಬೆಂಕಿಯ ಬೆಟ್ಟಕ್ಕೆ ‘ಆಗ್ವಾ’, ಅಂದರೆ ನೀರು ಎಂಬ ಹೆಸರು ನಿಂತದ್ದು ಆ ದುರಂತದ ನೆನಪಿನಿಂದ. 1543ರಲ್ಲಿ ರಾಜಧಾನಿ ಕೆಲವು ಕಿಲೋಮೀಟರ್ ಆಚೆಯ ಪಂಚೊಯ್ ಕಣಿವೆಗೆ ಬಂತು. ಇಂದಿನ ಆಂಟಿಗ್ವಾ ಇರುವುದು ಅಲ್ಲೇ.

ಅಲ್ಲಿಂದ ಮುಂದಿನ ಇನ್ನೂರ ಮೂವತ್ತು ವರ್ಷ ಅದು ಮಧ್ಯ ಅಮೆರಿಕದ ದೊಡ್ಡ ಭಾಗವನ್ನು ಆಳಿದ ರಾಜಧಾನಿಯಾಗಿತ್ತು. 1676ರಲ್ಲಿ ವಿಶ್ವವಿದ್ಯಾಲಯ ಆರಂಭವಾಯಿತು. ಭೂಕಂಪಗಳು ಬರುತ್ತಲೇ ಇದ್ದವು, 1717ರದು ದೊಡ್ಡದು. ಬಿದ್ದಾಗಲೆಲ್ಲ ಜನ ಕಟ್ಟಿದರು. ಕಟ್ಟುವಾಗ ಗೋಡೆಯನ್ನು ಇನ್ನಷ್ಟು ದಪ್ಪವಾಗಿಸಿ, ಗೋಪುರವನ್ನು ಇನ್ನಷ್ಟು ಗಿಡ್ಡವಾಗಿಸಿದರು. ಲಾ ಮೆರ್ಸೆದ್ ಚರ್ಚಿನ ಮುಂದೆ ನಿಂತರೆ ಇದು ಕಣ್ಣಿಗೆ ಕಾಣುತ್ತದೆ. ಹಳದಿ ಬಣ್ಣದ ಮುಖಮಂಟಪದ ಮೇಲೆ ಬಿಳಿ ಗಾರೆಯ ಬಳ್ಳಿ, ಹೂವು, ಎಲೆಗಳು ಕಸೂತಿಯಷ್ಟು ನವಿರಾಗಿವೆ. ಅದರ ಹಿಂದಿನ ಕಟ್ಟಡ ಮಾತ್ರ ಕಾಲು ಮಡಚಿ ಕೂತ ಗೂಳಿಯಂತೆ ನೆಲ ಕಚ್ಚಿಕೊಂಡಿದೆ. 1773ರ ಜುಲೈ 29ರಂದು ಸಂಭವಿಸಿದ ಸಾಂತಾ ಮಾರ್ತಾ ಭೂಕಂಪದಲ್ಲಿ ಊರಿನ ಬಹುಭಾಗ ಕುಸಿದಾಗಲೂ ಆ ಚರ್ಚು ನಿಂತಿತು. ಆ ಭೂಕಂಪದ ಬಳಿಕ ಸರ್ಕಾರ ರಾಜಧಾನಿಯನ್ನು ಬೇರೆಡೆ ಒಯ್ಯಲು ನಿರ್ಧರಿಸಿತು. ಆರ್ಚ್‌ಬಿಷಪ್ ಪೆದ್ರೊ ಕೊರ್ತೆಸ್ ಇ ಲಾರಾಸ್ ವಿರೋಧಿಸಿದರು, ಆದರೂ 1776ರಲ್ಲಿ ಹೊಸ ರಾಜಧಾನಿ ಈಗಿನ ಗ್ವಾಟೆಮಾಲಾ ಸಿಟಿಯಲ್ಲಿ ಸ್ಥಾಪನೆಯಾಯಿತು. ಹೋಗಲೊಲ್ಲದವರು ಇಲ್ಲೇ ಉಳಿದರು. ಅವರಿಂದಾಗಿಯೇ ಊರು ಉಳಿಯಿತು. ದೊಡ್ಡ ದುಡ್ಡು ಬಾರದ್ದರಿಂದಲೇ ಹಳೆಯ ಬೀದಿಗಳ ವಿನ್ಯಾಸವೂ ಉಳಿಯಿತು. 1979ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಆಂಟಿಗ್ವಾದಲ್ಲಿ ಯಾವುದನ್ನು ತಪ್ಪದೆ ನೋಡಬೇಕು?

ಎಲ್ಲರೂ ಛಾಯಾಚಿತ್ರ ತೆಗೆಯುವುದು ಸಾಂತಾ ಕತಾಲಿನಾ ಕಮಾನನ್ನು. ಮಠದ ಸನ್ಯಾಸಿನಿಯರು ಹೊರಗಿನವರ ಕಣ್ಣಿಗೆ ಬೀಳದೆ ಬೀದಿ ದಾಟಲೆಂದು 17ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಸೇತುವೆ ಅದು. ಬೆಳಿಗ್ಗೆ ಆರೂವರೆಗೆ ಹೋದರೆ ಕಮಾನಿನೊಳಗೆ ಆಗ್ವಾ ಶಿಖರ ಸ್ಪಷ್ಟವಾಗಿ ಕಾಣುತ್ತದೆ, ಜನಸಂದಣಿಯೂ ಇರದು. ಆದರೆ ನನಗೆ ಒಂದೇ ಜಾಗ ನೋಡಲು ಸಮಯವಿದೆ ಎಂದಾದರೆ ಕಪುಚಿನಾಸ್ ಮಠಕ್ಕೆ ಹೋಗುತ್ತೇನೆ. ವಾಸ್ತುಶಿಲ್ಪಿ ದಿಯೆಗೊ ದೆ ಪೊರ್ರೆಸ್ ವಿನ್ಯಾಸದ ಈ ಕಟ್ಟಡ 1736ರಲ್ಲಿ ಪೂರ್ಣವಾಯಿತು. ಅದರ ಹಿಂಭಾಗದಲ್ಲಿ ದುಂಡನೆಯ ಅಂಗಳದ ಸುತ್ತ ಹದಿನೆಂಟು ಪುಟ್ಟ ಕೋಣೆಗಳಿವೆ. ಬಾಗಿಲಲ್ಲಿ ನಿಂತು ಒಳಗೆ ನೋಡಿದರೆ ಒಬ್ಬರು ಮಲಗುವಷ್ಟು ಜಾಗ, ಗೋಡೆಯಲ್ಲೊಂದು ಗೂಡು, ಅಷ್ಟೆ. ಅಂಗಳದ ನಡುವೆ ನಿಂತು ತಲೆಯೆತ್ತಿದರೆ ದುಂಡು ಆಕಾಶ.

ಈಸ್ಟರ್ ಮೊದಲಿನ ವಾರ ಹೋಗಬಹುದೇ?

ಖಂಡಿತ ಹೋಗಬಹುದು, ಆದರೆ ತಿಂಗಳುಗಳ ಮೊದಲೇ ವಸತಿ ಗೊತ್ತುಮಾಡಿಕೊಳ್ಳಬೇಕು. ಗ್ವಾಟೆಮಾಲಾದ ‘ಸೆಮಾನಾ ಸಾಂತಾ’, ಅಂದರೆ ಪವಿತ್ರ ವಾರದ ಆಚರಣೆಯನ್ನು ಯುನೆಸ್ಕೊ 2022ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮೆರವಣಿಗೆ ಹಾಯುವ ಬೀದಿಗಳಲ್ಲಿ ಮನೆಮಂದಿ, ನೆರೆಹೊರೆಯವರು ಕೂಡಿ ಬಣ್ಣ ಹಾಕಿದ ಮರದ ಹೊಟ್ಟಿನಿಂದ ‘ಅಲ್‌ಫೊಂಬ್ರಾ’ ಎಂಬ ಹಾಸುಗಳನ್ನು ರಚಿಸುತ್ತಾರೆ. ಮೊದಲು ಕಲ್ಲುಹಾಸಿನ ಮೇಲೆ ಮರಳು ಅಥವಾ ಹೊಟ್ಟನ್ನು ಹರಡಿ ಸಮಮಾಡುತ್ತಾರೆ. ಬಳಿಕ ಕೊರೆದ ಅಚ್ಚುಗಳನ್ನಿಟ್ಟು ಸಣ್ಣ ಜರಡಿಯಿಂದ ಬಣ್ಣ ಉದುರಿಸುತ್ತಾರೆ. ನಡುವಿನ ಭಾಗವನ್ನು ಮುಟ್ಟಲು ಎರಡು ಬದಿಗೆ ಆಧಾರ ಕೊಟ್ಟು ಅಡ್ಡ ಹಾಕಿದ ಹಲಗೆಯ ಮೇಲೆ ಬೋರಲು ಮಲಗುತ್ತಾರೆ. ಹೊಟ್ಟು ಗಾಳಿಗೆ ಹಾರದಿರಲೆಂದು ಆಗಾಗ ನೀರು ಚಿಮುಕಿಸುತ್ತಾರೆ. ಇಡೀ ರಾತ್ರಿಯ ಆ ಕೆಲಸದ ಮೇಲೆ, ಹತ್ತಾರು ಮಂದಿ ಹೆಗಲು ಕೊಟ್ಟ ಭಾರದ ಮೂರ್ತಿಪೀಠ ನಡೆದುಹೋಗುತ್ತದೆ. ಕೆಲವೇ ನಿಮಿಷಗಳಲ್ಲಿ ಹಾಸು ಕಲಸಿಹೋಗುತ್ತದೆ. ರಂಗೋಲಿ ಕಂಡು ಬೆಳೆದ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ರಚಿಸುವವರ ಪಕ್ಕದಲ್ಲಿ ರಾತ್ರಿ ಹನ್ನೊಂದರ ಮೇಲೆ ಸುಮ್ಮನೆ ನಿಲ್ಲಿ. ಮೆರವಣಿಗೆಗಿಂತ ಅದು ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ.

ಇಷ್ಟೊಂದು ಜ್ವಾಲಾಮುಖಿಗಳು ಒಂದೇ ಕಡೆ ಏಕಿವೆ? ಯಾವುದನ್ನು ಹತ್ತಬಹುದು?

ಭೂಮಿಯ ಹೊರಚಿಪ್ಪು ಫಲಕಗಳೆಂಬ ದೊಡ್ಡ ತುಂಡುಗಳಾಗಿದೆ; ಪೆಸಿಫಿಕ್ ತಳದ ಕೋಕೋಸ್ ಫಲಕವು ಕೆರಿಬಿಯನ್ ಫಲಕದ ಅಡಿಗೆ ನುಗ್ಗುತ್ತಿದೆ. ಆಳಕ್ಕೆ ಇಳಿದಂತೆ ಅದರಿಂದ ಬಿಡುಗಡೆಯಾಗುವ ನೀರು ಮೇಲಿನ ಬಿಸಿ ಶಿಲೆಯನ್ನು ಕರಗಿಸುತ್ತದೆ, ಕರಗಿದ ಶಿಲೆ ಮೇಲೇರಿ ಕರಾವಳಿಗೆ ಸಮಾನಾಂತರವಾಗಿ ಜ್ವಾಲಾಮುಖಿಗಳ ಸಾಲಾಗುತ್ತದೆ. ಈ ಸಾಲಿನ ತಾಹುಮುಲ್ಕೊ, 4,220 ಮೀಟರ್, ಮಧ್ಯ ಅಮೆರಿಕದ ಅತಿ ಎತ್ತರದ ಶಿಖರ. ಶೆಲಾ ಬಳಿಯ ಸಾಂತಾ ಮರಿಯಾ 1902ರಲ್ಲಿ ಸಿಡಿದದ್ದು 20ನೇ ಶತಮಾನದ ಅತಿ ದೊಡ್ಡ ಸ್ಫೋಟಗಳಲ್ಲೊಂದು. ಅದರ ಬಗಲಲ್ಲಿ 1922ರಿಂದ ಬೆಳೆಯುತ್ತಿರುವ ಸಾಂತಿಯಾಗಿತೊ ಇಂದಿಗೂ ಹೊಗೆಯುಗುಳುತ್ತಿದೆ.

ಮೊದಲ ಸಲ ಹೋಗುವವರಿಗೆ ಪಕಾಯಾ ಸುಲಭ. 2,552 ಮೀಟರ್ ಎತ್ತರದ ಇದು ಅರ್ಧ ದಿನದ ನಡಿಗೆ. 2021ರಲ್ಲಿ ಹರಿದ ಲಾವಾ ಈಗ ಕಪ್ಪು ಬಂಡೆಯಾಗಿ ಬಿದ್ದಿದೆ. ದೇಹ ಗಟ್ಟಿಯಿರುವವರು ಅಕಾತೆನಾಂಗೊ ಹತ್ತುತ್ತಾರೆ. ಲಾ ಸೊಲೆದಾದ್ ಎಂಬ ಹಳ್ಳಿಯ ಬಳಿ, ಸುಮಾರು 2,400 ಮೀಟರ್ ಎತ್ತರದಲ್ಲಿ ಏರು ಆರಂಭ. ಮೊದಲು ಜೋಳದ ಹೊಲ, ಆಮೇಲೆ ಮಂಜು ಹಿಡಿದ ಕಾಡು, ಆಮೇಲೆ ಪೈನ್ ಮರಗಳು, ಕೊನೆಗೆ ಕಾಲು ಹೂತುಹೋಗುವ ಬೂದಿ. ನಾಲ್ಕರಿಂದ ಆರು ಗಂಟೆ ಏರಿ, ಸುಮಾರು 3,600 ಮೀಟರ್‌ನಲ್ಲಿ ರಾತ್ರಿ ತಂಗಿ, ಬೆಳಗಿನ ಜಾವ 3,976 ಮೀಟರ್ ಶಿಖರಕ್ಕೆ ಹೋಗುವುದು ರೂಢಿ.

ಅಕಾತೆನಾಂಗೊ ಏರುವುದು ಅದಕ್ಕಾಗಿಯೇ ಅಲ್ಲ. ಎದುರಿನ ಫ್ವೇಗೊ ನೋಡಲು. ‘ಫ್ವೇಗೊ’ ಎಂದರೆ ಬೆಂಕಿ. ಎರಡು ಶಿಖರಗಳ ನಡುವೆ ಸುಮಾರು 3 ಕಿ.ಮೀ. ಅಂತರ. ಕತ್ತಲಲ್ಲಿ ಮೊದಲು ಶಿಖರದ ತುದಿ ಸದ್ದಿಲ್ಲದೆ ಕೆಂಪಾಗುತ್ತದೆ. ಕೆಂಡದ ಬಂಡೆಗಳು ಮೇಲೆ ಚಿಮ್ಮಿ, ಇಳಿಜಾರಿಗೆ ಬಿದ್ದು, ಗೆರೆ ಎಳೆಯುತ್ತ ಉರುಳತೊಡಗುತ್ತವೆ. ಮನಸ್ಸಿನಲ್ಲೇ ಎಣಿಸುತ್ತ ಒಂಬತ್ತಕ್ಕೆ ಬರುವ ಹೊತ್ತಿಗೆ ಗುಡುಗು ಬಂದು ತಟ್ಟುತ್ತದೆ, ಡೇರೆಯ ಬಟ್ಟೆ ನಡುಗುತ್ತದೆ. ಕಂಡದ್ದೂ ಕೇಳಿದ್ದೂ ಒಂದೇ ಎಂದು ಮನಸ್ಸು ಒಪ್ಪಲು ಒಂದೆರಡು ಸಲ ಬೇಕಾಗುತ್ತದೆ. ಫ್ವೇಗೊ ಕೆಲವೊಮ್ಮೆ ಗಂಟೆಗೆ ಹಲವು ಬಾರಿ ಸಿಡಿಯುತ್ತದೆ. 2025ರ ಬಳಿಕ ವಾರಗಟ್ಟಲೆ ಮೌನವಾಗಿದ್ದ ಅವಧಿಗಳೂ ಇವೆ. ಕಂಡೇ ಕಾಣುತ್ತದೆಂಬ ಭರವಸೆಯನ್ನು ಯಾವ ಮಾರ್ಗದರ್ಶಿಯೂ ಕೊಡಲಾಗದು.

ಇದು ಅಪಾಯಕಾರಿಯಲ್ಲವೇ?

ಅಪಾಯವಿದೆ, ಅದನ್ನು ಮುಚ್ಚಿಡುವುದು ತಪ್ಪು. 2018ರ ಜೂನ್ 3, ಭಾನುವಾರ, ಫ್ವೇಗೊದಿಂದ ಇಳಿದ ಬಿಸಿ ಬೂದಿ, ಅನಿಲ, ಕಲ್ಲುಗಳ ಪ್ರವಾಹ ಲಾಸ್ ಲಾಹಾಸ್ ಕಮರಿಯಲ್ಲಿ ಹರಿದು ಸಾನ್ ಮಿಗೆಲ್ ಲಾಸ್ ಲೊತೆಸ್ ಎಂಬ ಊರನ್ನು ಹೂತುಹಾಕಿತು. ನೂರಾರು ಮಂದಿ ಸತ್ತರು ಇಲ್ಲವೇ ಕಾಣೆಯಾದರು. ಅವರಲ್ಲಿ ಬಹುತೇಕರು ದುಡಿದು ತಿನ್ನುವ ಕುಟುಂಬಗಳವರು. ನಾವು ಮೇಲಿನಿಂದ ಕಂಡು ಬೆರಗಾಗುವ ಬೆಂಕಿ ಕೆಳಗಿನವರಿಗೆ ಏನು ಎಂಬುದನ್ನು ಹತ್ತುವ ಮೊದಲು ಒಮ್ಮೆ ನೆನೆಯಬೇಕು.

ಜ್ವಾಲಾಮುಖಿಗಳನ್ನು ಇನ್ಸಿವುಮೆ ಎಂಬ ಸರ್ಕಾರಿ ಸಂಸ್ಥೆ ಗಮನಿಸುತ್ತದೆ. ವಿಪತ್ತು ನಿರ್ವಹಣೆ ಕೊನ್ರೆದ್ ಸಂಸ್ಥೆಯದು. ಇವುಗಳ ಪ್ರಕಟಣೆಯನ್ನು ಹಿಂದಿನ ದಿನವೂ ಹೊರಡುವ ದಿನವೂ ನೋಡಿ. ದಾರಿ ಮುಚ್ಚಿದೆ ಎಂದರೆ ಮುಚ್ಚಿದೆ; ಹೆಚ್ಚು ಹಣ ಕೊಟ್ಟರೆ ಕರೆದೊಯ್ಯುತ್ತೇವೆ ಎನ್ನುವವರ ಜೊತೆ ಹೋಗಬೇಡಿ. ಅಕಾತೆನಾಂಗೊದ ತಂಗುದಾಣದಿಂದ ಫ್ವೇಗೊದ ಏಣಿನವರೆಗೆ ಇನ್ನೊಂದು ನಡಿಗೆಯಿದೆ. ಬಂಡೆಗಳು ಎಲ್ಲಿ ಬೀಳುತ್ತವೆಂದು ಯಾರ ಲೆಕ್ಕಕ್ಕೂ ಸಿಗದ ಜಾಗವದು. ಹೋಗದಿರುವುದೇ ಸರಿ ಎಂಬುದು ನನ್ನ ಸಲಹೆ.

ಇಷ್ಟಾಗಿಯೂ ಅಕಾತೆನಾಂಗೊ ಏರುವವರನ್ನು ಹೆಚ್ಚಾಗಿ ಕಾಡುವುದು ಬೆಂಕಿಯಲ್ಲ, ಚಳಿ. 2017ರ ಜನವರಿಯಲ್ಲಿ ಅಲ್ಲಿ ಆರು ಮಂದಿ ಚಳಿಗಾಳಿಗೆ ಸಿಕ್ಕಿ ಪ್ರಾಣ ಬಿಟ್ಟರು. ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ. ಉಣ್ಣೆಯ ಟೋಪಿ, ಕೈಗವಸು, ಗಾಳಿ ತಡೆಯುವ ಹೊರ ಅಂಗಿ, ಒಣ ಬಟ್ಟೆಯ ಇನ್ನೊಂದು ಜೊತೆ, ತಲೆದೀಪ, ಕನಿಷ್ಠ ಮೂರು ಲೀಟರ್ ನೀರು ಬೇಕೇ ಬೇಕು. ಬೆವರಿನಿಂದ ತೊಯ್ದ ಅಂಗಿಯನ್ನು ತಂಗುದಾಣ ತಲುಪಿದ ಕೂಡಲೇ ಬದಲಿಸಿ. ಬೆಂಗಳೂರಿನಿಂದ ನೇರ ಬಂದು ಮರುದಿನವೇ ಹತ್ತಬೇಡಿ. ಆಂಟಿಗ್ವಾದಲ್ಲಿ ಎರಡು ಮೂರು ದಿನ ಇದ್ದರೆ ಉಸಿರು ಎತ್ತರಕ್ಕೆ ಹೊಂದಿಕೊಳ್ಳುತ್ತದೆ. ತಲೆನೋವು, ವಾಕರಿಕೆ ಹೆಚ್ಚುತ್ತ ಹೋದರೆ ಇಳಿಯುವುದೊಂದೇ ಮದ್ದು.

ಅಲ್ಲಿನ ಕಾಫಿ ತೋಟಕ್ಕೂ ಚಿಕ್ಕಮಗಳೂರು, ಕೊಡಗಿನ ತೋಟಕ್ಕೂ ಏನು ವ್ಯತ್ಯಾಸ?

ನೆರಳಿನಲ್ಲಿ ಕಾಫಿ ಬೆಳೆಯುವುದು ಎರಡೂ ಕಡೆ ಒಂದೇ. ಆಂಟಿಗ್ವಾದ ತೋಟದೊಳಗೆ ಕಾಲಿಟ್ಟಾಗ ತಲೆಯೆತ್ತಿ ನೋಡಿದರೆ ನಮ್ಮ ಸಿಲ್ವರ್ ಮರಗಳೇ ಸಾಲಾಗಿ ನಿಂತಿರುತ್ತವೆ. ಅಲ್ಲಿ ಅವುಗಳಿಗೆ ‘ಗ್ರಾವಿಲೆಯಾ’ ಎನ್ನುತ್ತಾರೆ. ಆಸ್ಟ್ರೇಲಿಯಾ ಮೂಲದ ಮರ ಎರಡು ದೂರದ ಸೀಮೆಗಳಲ್ಲಿ ಒಂದೇ ಕೆಲಸಕ್ಕೆ ನಿಂತಿದೆ. ಆದರೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಮಾತ್ರ ಕಾಣದು. ಬುಡದಿಂದ ತುದಿಯವರೆಗೆ ಬರಿದಾಗಿರುವ ಆ ಕಾಂಡ ನೋಡಿ ನನ್ನ ಕಣ್ಣಿಗೆ ಏನೋ ಕೊರತೆಯೆನಿಸಿತು. ನೆರಳಿನ ಉದ್ದೇಶವೂ ಪೂರ್ತಿ ಒಂದೇ ಅಲ್ಲ. ಆಂಟಿಗ್ವಾ ಕಣಿವೆಯಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇಬ್ಬನಿ ಹೆಪ್ಪುಗಟ್ಟಿ ಗಿಡ ಕರಕಲಾಗುವ ಭಯವಿದೆ. ದಟ್ಟ ನೆರಳು ಹೊದಿಕೆಯಂತೆ ಕಾಯುತ್ತದೆ.

ಎತ್ತರ ಇನ್ನೊಂದು ವ್ಯತ್ಯಾಸ. ಅಲ್ಲಿ 1,500 ಮೀಟರ್‌ಗಿಂತ ಮೇಲೆ ತೋಟಗಳು ಸಾಮಾನ್ಯ. ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗಿ, ಬೀಜ ಗಟ್ಟಿಯಾಗುತ್ತದೆ. ನಾವು ಕಾಫಿಯನ್ನು ಪ್ಲಾಂಟೇಷನ್ ಎ, ಬಿ, ಪಿಬಿ ಎಂದು ಗಾತ್ರ ಮತ್ತು ಆಕಾರದ ಮೇಲೆ ವಿಂಗಡಿಸುತ್ತೇವೆ. ಗ್ವಾಟೆಮಾಲಾದವರು ಬೆಳೆದ ಎತ್ತರದ ಮೇಲೆ ವಿಂಗಡಿಸುತ್ತಾರೆ. 1,350 ಮೀಟರ್‌ಗೂ ಮೇಲಿನದು ಅತಿ ಗಟ್ಟಿ ಬೀಜದ ದರ್ಜೆ. ರೊಬಸ್ಟಾ ಅಲ್ಲಿ ತೀರಾ ಕಡಿಮೆ. ಬೂರ್ಬೊನ್, ಕತೂರಾ, ಕತುವಾಯಿ ಎಂಬ ಅರೇಬಿಕಾ ತಳಿಗಳೇ ಹೆಚ್ಚು. 1960ರಲ್ಲಿ ಸ್ಥಾಪನೆಯಾದ ಬೆಳೆಗಾರರ ಸಂಘಟನೆ ಅನಕಾಫೆ ದೇಶದ ಕಾಫಿಯನ್ನು ಆಂಟಿಗ್ವಾ, ಅಕಾತೆನಾಂಗೊ, ಅತಿತ್ಲಾನ್, ಉವೆವೆತೆನಾಂಗೊ ಮೊದಲಾದ ಎಂಟು ಸೀಮೆಗಳಾಗಿ ಗುರುತಿಸಿದೆ.

ಮೂರನೆಯದು ಮಣ್ಣು. ಒಂದು ಹಿಡಿ ಎತ್ತಿ ಬೆರಳಲ್ಲಿ ಉಜ್ಜಿದರೆ ಕಪ್ಪು ಮಣ್ಣಿನ ನಡುವೆ ಕಡಲೆಗಾತ್ರದ ತಿಳಿಬಣ್ಣದ ಹಗುರ ಕಲ್ಲುಗಳು ಸಿಗುತ್ತವೆ. ಅದು ಜ್ವಾಲಾಮುಖಿ ಉಗುಳಿದ ಪ್ಯೂಮಿಸ್, ಒಡಲೆಲ್ಲ ತೂತು. ಮಳೆಗಾಲದಲ್ಲಿ ನೀರು ಹೀರಿಟ್ಟುಕೊಂಡು ಒಣ ತಿಂಗಳುಗಳಲ್ಲಿ ಬೇರಿಗೆ ಬಿಟ್ಟುಕೊಡುತ್ತದೆ. ಊರನ್ನು ಹೂಳುವ ಬೆಟ್ಟವೇ ಊರಿಗೆ ಅನ್ನ ಹಾಕುವ ಮಣ್ಣನ್ನೂ ಕೊಟ್ಟಿದೆ. ಜನ ಅದರ ಬುಡ ಬಿಟ್ಟು ಏಕೆ ಹೋಗುವುದಿಲ್ಲ ಎಂದು ಕೇಳುವವರಿಗೆ ಆ ಹಿಡಿ ಮಣ್ಣಿಗಿಂತ ಬೇರೆ ಉತ್ತರ ಬೇಕಿಲ್ಲ.

ತೋಟದಲ್ಲಿ ಏನು ನೋಡಬೇಕು?

ಕೊಯ್ಲಿನ ದಿನಗಳಲ್ಲಿ ಸಂಜೆ ನಾಲ್ಕರ ಬಳಿಕ ಹೋಗಿ. ಸೊಂಟಕ್ಕೆ ಕಟ್ಟಿದ ಬುಟ್ಟಿಯಲ್ಲಿ ಕೊಯ್ದ ಹಣ್ಣನ್ನು ಚೀಲಕ್ಕೆ ತುಂಬಿ ತೂಕಕ್ಕೆ ತರುವ ಹೊತ್ತದು. ರಾತ್ರಿಯೊಳಗೆ ಪಲ್ಪರ್‌ಗೆ ಹಾಕಿ ಸಿಪ್ಪೆ ಬೇರ್ಪಡಿಸಿ, ಲೋಳೆ ಮೆತ್ತಿದ ಬೀಜವನ್ನು ತೊಟ್ಟಿಯಲ್ಲಿ ಹುದುಗಲು ಬಿಡುತ್ತಾರೆ. ಚಳಿಯಿರುವುದರಿಂದ ನಮ್ಮಲ್ಲಿಗಿಂತ ಹೆಚ್ಚು ಸಮಯ ಹಿಡಿಯುತ್ತದೆ. ಒಂದೂವರೆ ದಿನ ದಾಟುವುದೂ ಉಂಟು. ಹದ ನೋಡಲು ಕೋಲೊಂದನ್ನು ರಾಶಿಗೆ ಚುಚ್ಚಿ ಎಳೆಯುತ್ತಾರೆ. ತೂತು ಮುಚ್ಚಿಕೊಂಡರೆ ಲೋಳೆ ಇನ್ನೂ ಇದೆ ಎಂದರ್ಥ. ಬಾಯ್ದೆರೆದು ನಿಂತರೆ ತೊಳೆಯುವ ಹೊತ್ತಾಯಿತು. ಹಿಡಿಯಷ್ಟು ಬೀಜವನ್ನು ಅಂಗೈಯಲ್ಲಿ ಉಜ್ಜಿ ಸಣ್ಣ ಜಲ್ಲಿಯಂತೆ ಸದ್ದು ಮಾಡುತ್ತದೆಯೇ ಎಂದು ನೋಡುವ ಕ್ರಮವೂ ಇದೆ. ನಮ್ಮ ಮನೆಯ ತೊಟ್ಟಿಯ ಬಳಿ ಅಪ್ಪ ಮಾಡುತ್ತಿದ್ದುದೂ ಅದನ್ನೇ. ಭಾಷೆ ಬಾರದ ನನಗೆ ಅಲ್ಲಿನ ಬೆಳೆಗಾರರೊಬ್ಬರು ಹಿಡಿ ಪಾರ್ಚ್‌ಮೆಂಟ್, ಅಂದರೆ ತೊಳೆದ, ತೆಳು ಹೊಟ್ಟು ಇನ್ನೂ ಇರುವ ಬೀಜ, ಕೊಟ್ಟಾಗ ನಾನು ಉಜ್ಜಿ ಕಿವಿಯ ಬಳಿ ಹಿಡಿದೆ. ಆಮೇಲೆ ಅರ್ಧ ಗಂಟೆ ನಮಗೆ ಮಾತಿನ ಅಗತ್ಯವೇ ಬೀಳಲಿಲ್ಲ.

ಆಂಟಿಗ್ವಾ ಬಳಿಯ ಸಾನ್ ಮಿಗೆಲ್ ಎಸ್ಕೊಬಾರ್, ಸರೋವರದ ದಂಡೆಯ ಸಾನ್ ಹುವಾನ್ ಲಾ ಲಗುನಾ, ಇವೆರಡೂ ಸಣ್ಣ ಬೆಳೆಗಾರರು ಕೂಡಿ ಕಾಫಿ ಮಾರುವ ಊರುಗಳು. ದೊಡ್ಡ ತೋಟದ ಅಚ್ಚುಕಟ್ಟಾದ ಪ್ರದರ್ಶನಕ್ಕಿಂತ ಅರ್ಧ ಎಕರೆ, ಒಂದು ಎಕರೆಯವರ ಜೊತೆಗಿನ ಒಂದು ಬೆಳಗು ಹೆಚ್ಚು ಕಲಿಸುತ್ತದೆ. ಕೊಟ್ಟ ಹಣವೂ ಬೆಳೆದವರ ಕೈಗೇ ಸೇರುತ್ತದೆ. ಎಲೆ ತುಕ್ಕು ರೋಗದ ಬಗ್ಗೆ ಅವರನ್ನು ಕೇಳಿ. 2012–13ರಲ್ಲಿ ಅದು ಎಷ್ಟು ಹಬ್ಬಿತೆಂದರೆ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು.

ಕಾಫಿ ಅಲ್ಲಿಗೆ ಹೇಗೆ ಬಂತು? ಭೂಮಿ ಯಾರದು?

ನುಣ್ಣನೆಯ ಕರಪತ್ರಗಳು ಹೇಳದ ಭಾಗವಿದು. 19ನೇ ಶತಮಾನದ ಮಧ್ಯದವರೆಗೆ ಗ್ವಾಟೆಮಾಲಾದ ಮುಖ್ಯ ರಫ್ತು ಕಾಫಿಯಾಗಿರಲಿಲ್ಲ. ಪಾಪಾಸುಕಳ್ಳಿಯ ಮೇಲೆ ಸಾಕುವ ಕೊಚಿನೀಲ್ ಹುಳುವಿನ ಕೆಂಪು ಬಣ್ಣವಾಗಿತ್ತು. ಯೂರೋಪಿನಲ್ಲಿ ಕೃತಕ ಬಣ್ಣ ಬಂದೊಡನೆ ಆ ವ್ಯಾಪಾರ ಕುಸಿದು, ಕಾಫಿ ಆ ಜಾಗ ಹಿಡಿಯಿತು. 1871ರ ಬಳಿಕ ಅಧಿಕಾರಕ್ಕೆ ಬಂದವರು, ಮುಖ್ಯವಾಗಿ ಹುಸ್ತೊ ರುಫಿನೊ ಬಾರ್ರಿಯೊಸ್, ಮಾಯಾ ಸಮುದಾಯಗಳು ಒಟ್ಟಾಗಿ ಅನುಭವಿಸುತ್ತಿದ್ದ ಭೂಮಿಯನ್ನು ತೋಟಗಾರರಿಗೆ ದಾಟಿಸಿದರು. 1877ರ ಕೂಲಿ ಕಾನೂನು ಬೆಟ್ಟದ ಹಳ್ಳಿಗಳಿಂದ ಜನರನ್ನು ಬಲವಂತವಾಗಿ ತೋಟಕ್ಕೆ ಕರೆಸಲು ದಾರಿ ಮಾಡಿತು. ಸಾಲ ಕೊಟ್ಟು ಕಟ್ಟಿಹಾಕುವ ಪದ್ಧತಿ 1930ರ ದಶಕದವರೆಗೆ ನಡೆಯಿತು; ನಂತರ ಅಲೆಮಾರಿತನ ತಡೆಯುವ ಹೆಸರಿನ ಕಾನೂನು ಅದೇ ಕೆಲಸ ಮಾಡಿತು. 1952ರಲ್ಲಿ ಅಧ್ಯಕ್ಷ ಹಾಕೊಬೊ ಆರ್ಬೆನ್ಸ್ ಭೂಸುಧಾರಣೆ ತಂದರು. 1954ರಲ್ಲಿ ಅಮೆರಿಕದ ಸಿಐಎ ಬೆಂಬಲದ ದಂಗೆಯಲ್ಲಿ ಅವರ ಸರ್ಕಾರ ಉರುಳಿತು, ಹಂಚಿದ ಭೂಮಿ ಹಿಂದಕ್ಕೆ ಹೋಯಿತು. 1960ರಲ್ಲಿ ಆರಂಭವಾದ ಅಂತರ್ಯುದ್ಧ 1996ರ ಡಿಸೆಂಬರ್ 29ರ ಶಾಂತಿ ಒಪ್ಪಂದದವರೆಗೆ ಮುಂದುವರಿಯಿತು. ಸತ್ತವರಲ್ಲಿ ಬಹುಪಾಲು ಮಾಯಾ ಜನರು. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಕೇಳಿ ಬೆಳೆದ ಕರ್ನಾಟಕದವರಿಗೆ ಅರ್ಧ ಎಕರೆ ಕಾಫಿ ಒಂದು ಕುಟುಂಬಕ್ಕೆ ಏನೆಂಬುದು ಬೇಗ ಅರ್ಥವಾಗುತ್ತದೆ.

ಅತಿತ್ಲಾನ್ ಸರೋವರದ ವಿಶೇಷವೇನು?

ಸುಮಾರು 80 ಸಾವಿರ ವರ್ಷಗಳ ಹಿಂದಿನ ಮಹಾಸ್ಫೋಟವೊಂದರ ಬಳಿಕ ನೆಲ ಕುಸಿದು ಉಂಟಾದ ಕುಳಿಯಲ್ಲಿ ನಿಂತ ನೀರದು. ಆಳ 300 ಮೀಟರ್‌ಗೂ ಹೆಚ್ಚು. ದಕ್ಷಿಣದ ದಂಡೆಯಲ್ಲಿ ಅತಿತ್ಲಾನ್, ತೊಲಿಮಾನ್, ಸಾನ್ ಪೆದ್ರೊ ಎಂಬ ಮೂರು ಜ್ವಾಲಾಮುಖಿಗಳಿವೆ. ಸುತ್ತಲಿನ ಊರುಗಳಿಗೆ ‘ಲಾಂಚಾ’ ಎಂಬ ಮೋಟಾರು ದೋಣಿಗಳಲ್ಲಿ ಹೋಗಬೇಕು. ಬೆಳಿಗ್ಗೆಯೇ ಹೊರಡಿ, ಮಧ್ಯಾಹ್ನದ ಮೇಲೆ ‘ಶೊಕೊಮಿಲ್’ ಎಂಬ ಗಾಳಿ ಎದ್ದು ಅಲೆಗಳು ದೋಣಿಯನ್ನು ಎತ್ತಿ ಕುಕ್ಕುತ್ತವೆ. ಈ ಸರೋವರದಿಂದ ಹೊರಹರಿಯುವ ನದಿಯಿಲ್ಲ. ಹೀಗಾಗಿ ಊರುಗಳ ಕೊಳೆನೀರು, ಹೊಲದ ಗೊಬ್ಬರ ಎಲ್ಲವೂ ಇಲ್ಲೇ ಉಳಿಯುತ್ತದೆ. 2009ರಲ್ಲಿ ನೀಲಿ ಹಸಿರು ಪಾಚಿ ನೀರಿನ ದೊಡ್ಡ ಭಾಗವನ್ನು ಆವರಿಸಿತ್ತು.

ದಂಡೆಯ ಊರುಗಳಲ್ಲಿ ಸಾಂತಿಯಾಗೊ ಅತಿತ್ಲಾನ್ ಅನ್ನು ತಪ್ಪಿಸಬೇಡಿ. ಅಂತರ್ಯುದ್ಧದ ಕಾಲದಲ್ಲಿ, 1990ರ ಡಿಸೆಂಬರ್ 2ರಂದು, ಸೈನ್ಯವು ನಿರಾಯುಧ ಜನರ ಮೇಲೆ ಗುಂಡು ಹಾರಿಸಿತು. ಊರಿಗೆ ಊರೇ ಎದ್ದು ನಿಂತು, ಸೈನಿಕ ನೆಲೆಯನ್ನು ಅಲ್ಲಿಂದ ತೆಗೆಸಿತು. ತ್ಸುತುಹಿಲ್ ಭಾಷೆಯಾಡುವ ಆ ಜನ ಅದನ್ನು ಇಂದಿಗೂ ವರ್ಷ ವರ್ಷವೂ ನೆನೆಯುತ್ತಾರೆ.

ಸಂತೆ, ನೇಯ್ಗೆ, ಛಾಯಾಚಿತ್ರದ ಬಗ್ಗೆ ಏನು ತಿಳಿದಿರಬೇಕು?

ಚಿಚಿಕಾಸ್ತೆನಾಂಗೊ ಸಂತೆ ಗುರುವಾರ ಮತ್ತು ಭಾನುವಾರ. ಸಾಂತೊ ತೊಮಾಸ್ ಚರ್ಚಿನ ಮೆಟ್ಟಿಲುಗಳ ಮೇಲೆ ಮಾಯಾ ಸಮುದಾಯದ ಕಿಚೇ ಜನ ಧೂಪ ಹಾಕಿ ಪ್ರಾರ್ಥಿಸುತ್ತಾರೆ. ಅದು ಪೂಜೆಯ ಜಾಗ, ಕುಳಿತು ದಣಿವಾರಿಸಿಕೊಳ್ಳುವ ಜಾಗವಲ್ಲ. ಒಳಗೆ ಛಾಯಾಚಿತ್ರ ನಿಷಿದ್ಧ. ಹೆಂಗಸರು ತೊಡುವ ‘ವಿಪಿಲ್’ ಎಂಬ ಕುಪ್ಪಸವನ್ನು ಸೊಂಟದ ಮಗ್ಗದಲ್ಲಿ ನೇಯುತ್ತಾರೆ. ಮಗ್ಗದ ಒಂದು ತುದಿ ಕಂಬಕ್ಕೆ, ಇನ್ನೊಂದು ನೇಯುವವರ ಸೊಂಟಕ್ಕೆ. ದೇಹವೇ ಹಿಂದೆ ಮುಂದೆ ಬಾಗಿ ನೂಲಿನ ಬಿಗಿ ಹಿಡಿಯುತ್ತದೆ. ಒಂದು ವಿಪಿಲ್‌ಗೆ ತಿಂಗಳುಗಳೇ ಹಿಡಿಯುತ್ತವೆ. ಇಳಕಲ್ ಸೀರೆಯ ಬೆಲೆ ಬಲ್ಲವರು ಇಲ್ಲಿ ಅರ್ಧ ಬೆಲೆಗೆ ಚೌಕಾಶಿ ಮಾಡಬಾರದು. ಜನರ, ಅದರಲ್ಲೂ ಮಕ್ಕಳ ಚಿತ್ರವನ್ನು ಕೇಳದೆ ತೆಗೆಯಲೇಬಾರದು.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಸಿಗುತ್ತದೆ. ಕಪ್ಪು ಬೀನ್ಸ್, ಅನ್ನ, ಬೆಣ್ಣೆಹಣ್ಣು, ಹುರಿದ ನೇಂದ್ರ ಬಾಳೆಯಂಥ ಬಾಳೆ, ಮೆಕ್ಕೆಜೋಳದ ತೊರ್ತಿಯಾ ಎಲ್ಲೆಡೆ ಇವೆ. ನಮ್ಮ ಸೀಮೆಬದನೆ ಅಲ್ಲಿ ‘ಗ್ವಿಸ್ಕಿಲ್’. ಅದರ ತವರೇ ಆ ಕಡೆ. ಬೀನ್ಸ್‌ಗೆ ಹಂದಿಯ ಕೊಬ್ಬು ಹಾಕುವ ರೂಢಿಯಿದೆ, ‘ಸಿನ್ ಮಾಂತೆಕಾ’, ಅಂದರೆ ಕೊಬ್ಬಿಲ್ಲದೆ, ಎಂದು ಕೇಳಿ ತಿಳಿಯಿರಿ. ತೊರ್ತಿಯಾಕ್ಕೆ ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ, ತೊಳೆದು, ರುಬ್ಬಿ, ಎರಡು ಅಂಗೈಗಳ ನಡುವೆ ತಟ್ಟಿ ಹೆಂಚಿಗೆ ಹಾಕುತ್ತಾರೆ. ಮಧ್ಯಾಹ್ನದ ಹೊತ್ತು ಯಾವ ಬೀದಿಯಲ್ಲಿ ನಡೆದರೂ ಆ ತಟ್ಟುವ ಸದ್ದು, ರೊಟ್ಟಿ ಬಡಿಯುವ ನಮ್ಮ ಮನೆಗಳ ಸದ್ದಿನಂತೆಯೇ, ಕಿವಿಗೆ ಬೀಳುತ್ತದೆ. ನಲ್ಲಿ ನೀರು ಕುಡಿಯಬೇಡಿ.

ಭಾಷೆ, ಹಣ, ಸುರಕ್ಷತೆ?

ಸ್ಪ್ಯಾನಿಷ್ ಜೊತೆಗೆ ದೇಶದಲ್ಲಿ 22 ಮಾಯಾ ಭಾಷೆಗಳಿವೆ. ಆಂಟಿಗ್ವಾ ಸುತ್ತಮುತ್ತ ಕಕ್ಚಿಕೇಲ್. ಧನ್ಯವಾದಕ್ಕೆ ‘ಮತ್ಯೋಶ್’ ಎಂದರೆ ಮುಖ ಅರಳುತ್ತದೆ. ಹಿರಿಯರನ್ನು ‘ದೋನ್’, ‘ದೋನ್ಯಾ’ ಎಂದೂ ಬಹುವಚನದ ನಮ್ಮ ‘ನೀವು’ಗೆ ಸಮಾನವಾದ ‘ಉಸ್ತೆದ್’ ಎಂದೂ ಕರೆಯಬೇಕು. ಅಂಗಡಿಗೆ ಕಾಲಿಟ್ಟೊಡನೆ ನಮಸ್ಕಾರ ಹೇಳದೆ ಬೆಲೆ ಕೇಳುವುದು ಒರಟುತನ. ಹಣ ‘ಕೆತ್ಸಾಲ್’, ಹಳ್ಳಿಗಳಲ್ಲಿ ನಗದೇ ನಡೆಯುವುದು. ಕತ್ತಲಾದ ಮೇಲೆ ಊರಿನಿಂದೂರಿಗೆ ಪ್ರಯಾಣ ಬೇಡ, ಬೆಟ್ಟದ ದಾರಿಯಲ್ಲಿ ಒಬ್ಬರೇ ನಡೆಯುವುದೂ ಬೇಡ, ಕಳ್ಳತನ ಆಗುವುದುಂಟು. ಪ್ರವಾಸಿಗರ ನೆರವಿಗೆ 1500 ಸಂಖ್ಯೆಗೆ ಕರೆ ಮಾಡಬಹುದು.

ಅಲ್ಲಿನ ಕಾಫಿಯನ್ನು ಊರಿಗೆ ತರಬಹುದೇ?

ಹುರಿದ ಬೀಜವನ್ನು ಮನೆ ಬಳಕೆಯಷ್ಟು ತನ್ನಿ. ಹುರಿದ ದಿನಾಂಕ ಚೀಲದ ಮೇಲೆ ಇದೆಯೇ ನೋಡಿ. ಗಿಡ, ಬಿತ್ತನೆ ಬೀಜ, ಹಸಿ ಹಣ್ಣನ್ನು ಮಾತ್ರ ಯಾವ ಕಾರಣಕ್ಕೂ ತರಬೇಡಿ. ಪರವಾನಗಿಯಿಲ್ಲದೆ ತರುವುದು ಕಾನೂನಿಗೂ ವಿರುದ್ಧ. ಒಳ್ಳೆಯ ತಳಿ ಕಂಡಾಗ ತೋಟವಿರುವವರಿಗೆ ನಾಲ್ಕು ಬೀಜ ಜೇಬಿಗಿಳಿಸುವ ಆಸೆ ಆಗುತ್ತದೆಂಬುದು ನನಗೆ ಗೊತ್ತು, ನನಗೂ ಆಗಿತ್ತು. ಆದರೆ ಹೊರದೇಶದಿಂದ ಬಂದ, ಕಾಫಿಯ ಕಾಯಿಕೊರಕ ಹುಳು ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ಅದು ಕೊಡಗಿಗೂ ಚಿಕ್ಕಮಗಳೂರಿಗೂ ಬಂದು, ಇಂದಿಗೂ ಕೊಯ್ಲು ಮುಗಿದ ಮೇಲೆ ಗಿಡದಲ್ಲಿ ಉಳಿದ, ನೆಲಕ್ಕೆ ಉದುರಿದ ಒಂದೊಂದು ಕಾಯಿಯನ್ನೂ ನಾವು ಬಗ್ಗಿ ಹೆಕ್ಕುತ್ತಿದ್ದೇವೆ.